ಬೀಜ ಮಾರಬಹುದು, ಗಿಡ ಬೆಳೆಯಬಾರದು: ಹೆಂಪ್ ಕಾನೂನಿನ ಕಥೆ

ಕೇಳ್ತಾ ಕೇಳ್ತಾನೇ ನಿಮ್ಮ ಫೋನ್‌ನಲ್ಲಿ ಯಾವುದಾದರೂ ಶಾಪಿಂಗ್ ಆಪ್ ತೆರೆದು ‘ಹೆಂಪ್ ಸೀಡ್’ ಅಂತ ಹುಡುಕಿ ನೋಡಿ. ಬೀಜ, ಎಣ್ಣೆ, ಪ್ರೋಟೀನ್ ಪುಡಿ ಎಲ್ಲ ಸಿಗುತ್ತೆ. ಆದರೆ ಅದೇ ಗಿಡವನ್ನು ಪರವಾನಗಿ ಇಲ್ಲದೆ ಹೊಲದಲ್ಲಿ ಬೆಳೆದರೆ 10 ವರ್ಷದವರೆಗೆ ಕಠಿಣ ಜೈಲುಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಅಂಗಡಿಯಲ್ಲಿ ಆಹಾರ, ಹೊಲದಲ್ಲಿ ಅಪರಾಧ. ಇದು ಹೇಗಾಯ್ತು ಅನ್ನೋದೇ ಇವತ್ತಿನ ಕಥೆ.

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. ನಮ್ಮ ಕಡೆ ಗದ್ದೆಗೆ ಹಸಿರೆಲೆ ಗೊಬ್ಬರ ಅಂತ ಹಾಕುವ ಅಪ್ಸೆಣಬಿಗೆ ಇಂಗ್ಲಿಷಿನಲ್ಲಿ ಸನ್‌ಹೆಂಪ್ ಅಂತಾರೆ. ಅದು ಬೇರೆಯೇ ಗಿಡ, ಅದಕ್ಕೆ ಯಾವ ತಕರಾರೂ ಇಲ್ಲ. ನಾವು ಮಾತಾಡ್ತಿರೋದು ಗಾಂಜಾ ಜಾತಿಯ ಗಿಡದ ಬಗ್ಗೆ. ಅದರಲ್ಲಿ ಮತ್ತೇರಿಸುವ ಟಿಎಚ್‌ಸಿ ಅನ್ನೋ ರಾಸಾಯನಿಕ ತೀರಾ ಕಡಿಮೆ ಇರುವ ತಳಿಗಳನ್ನು ನಾರು, ಬೀಜಕ್ಕಾಗಿ ಬೆಳೆದರೆ ಅದೇ ಕೈಗಾರಿಕಾ ಹೆಂಪ್.

ಈಗ 1893ಕ್ಕೆ ಹೋಗೋಣ. ಗಾಂಜಾ ಸೇದಿ ಭಾರತದ ಹುಚ್ಚಾಸ್ಪತ್ರೆಗಳು ತುಂಬಿಹೋಗಿವೆ ಅನ್ನೋ ಮಾತು ಬ್ರಿಟನ್ನಿನವರೆಗೂ ಮುಟ್ಟಿತ್ತು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. ಸರ್ಕಾರ ಒಂದು ಆಯೋಗ ಮಾಡಿತು: ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಅವರು ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದರು. ಆಸ್ಪತ್ರೆಗಳ ದಾಖಲೆ ತೆರೆಸಿ ನೋಡಿದರೆ, ಅವನ್ನು ನಂಬುವ ಹಾಗೇ ಇರಲಿಲ್ಲ. 1894ರ ವರದಿ ಹೇಳಿದ್ದು ಇಷ್ಟು: ಪೂರ್ತಿ ನಿಷೇಧ ಬೇಡ, ಲೈಸೆನ್ಸ್ ಮತ್ತು ತೆರಿಗೆಯ ಮೂಲಕ ಹಿಡಿತದಲ್ಲಿಡಿ.

ನಾನು ಬಿ.ಕಾಂ ಓದಿದವಳು, ಹಾಗಾಗಿ ಮೊದಲು ದುಡ್ಡು ಎಲ್ಲಿದೆ ಅಂತ ನೋಡ್ತೀನಿ. ಇಲ್ಲಿ ದುಡ್ಡು ಅಬಕಾರಿ ಇಲಾಖೆಯಲ್ಲಿತ್ತು. ಬಂಗಾಳದ ನೌಗಾಂವ್‌ನಲ್ಲಿ ರೈತರು ಸರ್ಕಾರದ ಪರವಾನಗಿಯಲ್ಲೇ ಗಾಂಜಾ ಬೆಳೀತಿದ್ದರು. 1917ರಲ್ಲಿ ಅಲ್ಲಿ ಗಾಂಜಾ ಬೆಳೆಗಾರರದೇ ಒಂದು ಸಹಕಾರ ಸಂಘ ಕೂಡ ಶುರುವಾಯ್ತು!

ಗಾಳಿ ತಿರುಗಿದ್ದು 1961ರಲ್ಲಿ. ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ ಗಾಂಜಾವನ್ನು ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಹಾಗಿದ್ದರೂ ನಾರು, ಬೀಜಕ್ಕಾಗಿ ಮಾಡುವ ಬೇಸಾಯ ತನ್ನ ವ್ಯಾಪ್ತಿಗೆ ಬರಲ್ಲ ಅಂತ ಅದೇ ಒಪ್ಪಂದ ಹೇಳಿತ್ತು. ಭಾರತ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಂದಿತು. ಅದರ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಬಿಟ್ಟ ತುದಿ. ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಭಂಗಿ ಈ ಕಾಯ್ದೆಯಲ್ಲಿ ನಿಷೇಧವಾಗಿಲ್ಲ ಅಂತ 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಬೇಸಾಯದ ವಿಷಯದಲ್ಲಿ ಮಾತ್ರ ಕಾಯ್ದೆ ಇಡೀ ಗಿಡಕ್ಕೇ ಬೀಗ ಹಾಕಿತು. ಕೀಲಿ ಇರೋದು 14ನೇ ಸೆಕ್ಷನ್‌ನಲ್ಲಿ: ನಾರು, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು. ಆ ಕೀಲಿ ತಿರುಗಿಸಲು 33 ವರ್ಷ ಹಿಡೀತು. 2018ರಲ್ಲಿ ಉತ್ತರಾಖಂಡ ಕೈಗಾರಿಕಾ ಹೆಂಪ್ ಬೇಸಾಯಕ್ಕೆ ಲೈಸೆನ್ಸ್ ಕೊಟ್ಟ ಮೊದಲ ರಾಜ್ಯವಾಯ್ತು. ಕುಮಾವೂಂ ಬೆಟ್ಟದ ಮನೆಗಳಲ್ಲಿ ಈ ಬೀಜದ ಚಟ್ನಿ ಅರೆಯೋದು ಇವತ್ತಿಗೂ ಮಾಮೂಲಿ. 2021ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿತು. ಮಿತಿ ಹಾಕಿತು: ಒಂದು ಕೆ.ಜಿ. ಬೀಜದಲ್ಲಿ ಟಿಎಚ್‌ಸಿ 5 ಮಿಲಿಗ್ರಾಂ ದಾಟಬಾರದು, ಎಣ್ಣೆಯಲ್ಲಿ 10.

ಹೊಲದ ಮಿತಿ ಬೇರೆ: ಶೇ 0.3. ಅಂದರೆ ಒಂದು ಕೆ.ಜಿ. ಒಣಗಿದ ಗಿಡದಲ್ಲಿ 3 ಗ್ರಾಂ ಟಿಎಚ್‌ಸಿ. ಈ ಅಂಕಿಯ ಮೂಲ 1976ರ ಒಂದು ಸಸ್ಯಶಾಸ್ತ್ರ ಪ್ರಬಂಧ. ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾನ್‌ಕ್ವಿಸ್ಟ್ ಎಂಬ ವಿಜ್ಞಾನಿಗಳು ಗಿಡಗಳನ್ನು ಎರಡು ಗುಂಪು ಮಾಡಲು ಒಂದು ಗೆರೆ ಬೇಕು ಅಂತ ಎಳೆದದ್ದು. ಪೊಲೀಸರಿಗಾಗಿ ಎಳೆದದ್ದಲ್ಲ. ಅದೇ ಗೆರೆ ಮುಂದೆ ದೇಶದೇಶಗಳ ಕಾನೂನಿಗೆ ನುಗ್ಗಿತು. ಅಮೆರಿಕದ 2018ರ ಕೃಷಿ ಕಾಯ್ದೆಯಲ್ಲೂ ಅದೇ 0.3. ಅಲ್ಲಿ ಮಿತಿ ದಾಟಿದ ಬೆಳೆಯನ್ನು ರೈತ ನಾಶ ಮಾಡಬೇಕು, ಇಲ್ಲವೇ ಸರಿಪಡಿಸಿ ಮಿತಿಯೊಳಗೆ ತರಬೇಕು.

ನನಗೆ ಕಾಡೋದು ಇದೇ. ಗಿಡಕ್ಕೆ ಕಾನೂನು ಗೊತ್ತಿಲ್ಲ. ಹಿಮಾಲಯದಲ್ಲಿ ತಾನಾಗಿಯೇ ಬೆಳೆಯುವ ಎಷ್ಟೋ ಗಿಡಗಳಲ್ಲಿ ಟಿಎಚ್‌ಸಿ ಈ ಮಿತಿಗಿಂತ ಜಾಸ್ತಿ. ಹಾಗಾಗಿ ತಲೆಮಾರುಗಳಿಂದ ಆ ಗಿಡದ ಜೊತೆ ಬದುಕಿದ ಬೆಟ್ಟದ ರೈತ ಕಾನೂನಿನ ಒಳಗೆ ಬರಬೇಕಾದರೆ ಹೊರಗಿನಿಂದ ಬೀಜ ತರಬೇಕು, ಲೈಸೆನ್ಸ್ ಮಾಡಿಸಬೇಕು, ಲ್ಯಾಬ್ ರಿಪೋರ್ಟಿಗೆ ಕಾಯಬೇಕು. ಬಾಟಲಿಗೆ ಲೇಬಲ್ ಅಂಟಿಸಿ ಮಾರೋನಿಗೆ ಹೋಲಿಸಿದರೆ ರಿಸ್ಕ್ ಎಲ್ಲಾ ಬಿತ್ತೋನ ತಲೆ ಮೇಲೆ.

ನಿಯಂತ್ರಣ ಬೇಡ ಅಂತ ನಾನು ಹೇಳ್ತಿಲ್ಲ. 1894ರ ಆಯೋಗವೂ ಬೇಡ ಅನ್ನಲಿಲ್ಲ. ಆದರೆ ಅವರು ತೀರ್ಮಾನಕ್ಕೆ ಮೊದಲು ಜನರನ್ನು ಕೇಳಿದ್ದರು. ಮುಂದಿನ ನಿಯಮ ಬರೆಯೋರು ಬೆಟ್ಟದ ರೈತರನ್ನೂ ಕೂರಿಸಿಕೊಂಡು ಕೇಳಲಿ ಅನ್ನೋದಷ್ಟೇ ನನ್ನ ಮಾತು.

ನಿಮಗೇನನ್ನಿಸ್ತು? ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.