ಅನುದಾನ ನಡೆದುಬಂದ ದಾರಿ: ಹಳ್ಳಿ, ಸಣ್ಣ ಪಟ್ಟಣ ಮತ್ತು ಸಮುದಾಯ ಸಂಘಗಳು

ಗ್ರಾಮೀಣ ಪ್ರದೇಶದ ಊರುಗಳಿಗೆ ಹೊಸ ಚೈತನ್ಯ ತರಲು ಭಾರತದಲ್ಲಿ ಸರ್ಕಾರ ಕೊಡುವ ಹಣ ಮೂರು ದಾರಿಗಳಲ್ಲಿ ಹರಿದುಬಂದಿದೆ. ಮೊದಲನೆಯದು ಇಲಾಖೆ ಮತ್ತು ಅಧಿಕಾರಿಗಳ ದಾರಿ, ಎರಡನೆಯದು ಚುನಾಯಿತ ಸ್ಥಳೀಯ ಸಂಸ್ಥೆಗಳದು, ಮೂರನೆಯದು ಜನರೇ ಕಟ್ಟಿಕೊಂಡ ಸಂಘಗಳದು. ಏಳು ದಶಕಗಳಲ್ಲಿ ಯೋಜನೆಗಳ ಹೆಸರು ಹಲವು ಸಲ ಬದಲಾಗಿದೆ. ಆದರೆ ಹಣ ಯಾರ ಕೈ ಸೇರಬೇಕು, ಯಾವ ಷರತ್ತಿನ ಮೇಲೆ ಸೇರಬೇಕು ಎಂಬ ಎರಡು ಪ್ರಶ್ನೆಗಳೇ ಈ ಕ್ಷೇತ್ರದ ಪ್ರತಿಯೊಂದು ತಿರುವನ್ನೂ ನಿರ್ಧರಿಸಿವೆ.

ಬ್ಲಾಕಿನ ಕಾಲ

ಸ್ವಾತಂತ್ರ್ಯದ ಬೆನ್ನಲ್ಲೇ, 1948ರಲ್ಲಿ, ಉತ್ತರ ಪ್ರದೇಶದ ಇಟಾವಾದಲ್ಲಿ ಅಮೆರಿಕದ ಯೋಜನಾ ತಜ್ಞ ಆಲ್ಬರ್ಟ್ ಮೇಯರ್ ಅವರ ಮಾರ್ಗದರ್ಶನದಲ್ಲಿ ಒಂದು ಪ್ರಾಯೋಗಿಕ ಯೋಜನೆ ಆರಂಭವಾಯಿತು. ಆ ಅನುಭವದ ಮೇಲೆ, 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ದೇಶದ 55 ಕಡೆ ಜಾರಿಗೆ ಬಂದಿತು. ಅಮೆರಿಕ ಸರ್ಕಾರ ಮತ್ತು ಫೋರ್ಡ್ ಪ್ರತಿಷ್ಠಾನದ ನೆರವು ಇದಕ್ಕಿತ್ತು. ಒಂದೊಂದು ಯೋಜನೆಗೆ ಸುಮಾರು 300 ಹಳ್ಳಿಗಳು, ಅವನ್ನು ವಿಂಗಡಿಸಲು ಬ್ಲಾಕುಗಳು, ಬ್ಲಾಕಿಗೊಬ್ಬ ಅಭಿವೃದ್ಧಿ ಅಧಿಕಾರಿ, ಹಳ್ಳಿಗಳ ಗುಂಪಿಗೊಬ್ಬ ಗ್ರಾಮಸೇವಕ: ಇದು ಅದರ ಚೌಕಟ್ಟು. ಸರ್ಕಾರದ್ದು ಹಣ, ಊರಿನವರದು ಶ್ರಮದಾನ ಎಂಬ ಲೆಕ್ಕಾಚಾರದಲ್ಲಿ ರಸ್ತೆ, ಬಾವಿ, ಶಾಲಾ ಕೊಠಡಿಗಳು ಎದ್ದವು.

ಕಟ್ಟಡಗಳು ಎದ್ದರೂ ಜನರ ಸ್ವಂತ ಉತ್ಸಾಹ ಏಳಲಿಲ್ಲ. ಕಾರ್ಯಕ್ರಮವನ್ನು ಪರಿಶೀಲಿಸಿದ ಬಲವಂತರಾಯ್ ಮೆಹ್ತಾ ಸಮಿತಿ 1957ರ ವರದಿಯಲ್ಲಿ ಇದನ್ನೇ ಮುಖ್ಯ ಕೊರತೆಯೆಂದು ಗುರುತಿಸಿತು. ನಿರ್ಧಾರ ಮತ್ತು ಹಣ ಎರಡೂ ಅಧಿಕಾರಿಯ ಬಳಿ ಇರುವ ತನಕ ಊರಿನವರು ಫಲಾನುಭವಿಗಳಾಗಿಯೇ ಉಳಿಯುತ್ತಾರೆ ಎಂಬ ತರ್ಕದಿಂದ ಸಮಿತಿಯು ಮೂರು ಹಂತಗಳ ಚುನಾಯಿತ ವ್ಯವಸ್ಥೆಯನ್ನು ಸೂಚಿಸಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರ್‌ನಲ್ಲಿ ಪಂಚಾಯತ್ ರಾಜ್ ಉದ್ಘಾಟನೆಯಾಯಿತು. ಮೈಸೂರು ರಾಜ್ಯವೂ ಅದೇ ವರ್ಷ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯನ್ನು ತಂದಿತು.

ಮಂಡಲದಿಂದ ಸಂವಿಧಾನದವರೆಗೆ

ಮುಂದಿನ ಎರಡು ದಶಕಗಳಲ್ಲಿ ಪಂಚಾಯಿತಿಗಳು ಸೊರಗಿದವು. ಚುನಾವಣೆಗಳು ಮುಂದೆ ಹೋದವು. ಹಣ ಮತ್ತೆ ಇಲಾಖೆಗಳತ್ತ ತಿರುಗಿತು. 1980ರ ನಂತರ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದ ಹಣವನ್ನು ಜಿಲ್ಲಾ ಗ್ರಾಮೀಣಾಭಿವೃದ್ಧಿ ಸಂಸ್ಥೆಗಳು ನಿರ್ವಹಿಸತೊಡಗಿದವು. ಇವು ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದ್ದರೂ ನಡೆಸುತ್ತಿದ್ದವರು ಅಧಿಕಾರಿಗಳೇ.

ಕರ್ನಾಟಕ ಆಗ ಬೇರೆ ದಾರಿ ಹಿಡಿಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ತಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. 8,000ದಿಂದ 12,000 ಜನಸಂಖ್ಯೆಗೆ ಒಂದು ಮಂಡಲ. ಸ್ಥಾನಗಳಲ್ಲಿ ಶೇ 25 ಮಹಿಳೆಯರಿಗೆ ಮೀಸಲು. ಜಿಲ್ಲೆಯ ಅಭಿವೃದ್ಧಿ ಇಲಾಖೆಗಳ ಸಿಬ್ಬಂದಿ ಮತ್ತು ಹಣ ಚುನಾಯಿತ ಅಧ್ಯಕ್ಷರ ಅಧೀನಕ್ಕೆ ಬಂದವು. ರಾಜ್ಯ ಬಜೆಟ್ಟಿನಲ್ಲಿ ಜಿಲ್ಲಾ ವಲಯವೆಂಬ ಭಾಗ ಪ್ರತ್ಯೇಕವಾಯಿತು. ಯಾವ ಜಿಲ್ಲೆಗೆ ಯಾವ ಬಾಬ್ತಿನಲ್ಲಿ ಎಷ್ಟು ಹಣ ಎಂಬುದನ್ನು ತೋರಿಸುವ ಲಿಂಕ್ ಡಾಕ್ಯುಮೆಂಟ್ ಇಂದಿಗೂ ಪಂಚಾಯತ್ ರಾಜ್ ಆಡಳಿತದ ಮುಖ್ಯ ಕಡತಗಳಲ್ಲೊಂದು.

1989ರಲ್ಲಿ ಜವಾಹರ್ ರೋಜ್‌ಗಾರ್ ಯೋಜನೆಯ ಮೂಲಕ ಕೇಂದ್ರದ ಹಣ ದೊಡ್ಡ ಪ್ರಮಾಣದಲ್ಲಿ ಗ್ರಾಮ ಮಟ್ಟದ ಪಂಚಾಯಿತಿಗಳಿಗೆ ತಲುಪಿತು. 1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಯಾದಾಗ ಹಣದ ಹರಿವಿಗೆ ಖಾಯಂ ನೆಲೆ ದೊರೆಯಿತು. ರಾಜ್ಯ ಹಣಕಾಸು ಆಯೋಗಗಳು ಕಡ್ಡಾಯವಾದವು. ಕೇಂದ್ರ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳಿಗೂ ಶಿಫಾರಸು ಮಾಡಬೇಕಾಯಿತು. 10ನೇ ಆಯೋಗ 1971ರ ಗ್ರಾಮೀಣ ಜನಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ತಲಾ 100 ರೂಪಾಯಿ ಲೆಕ್ಕದಲ್ಲಿ ಪಂಚಾಯಿತಿಗಳಿಗೆ ಅನುದಾನ ಸೂಚಿಸಿತು. 2015–20ರ ಅವಧಿಗೆ 14ನೇ ಆಯೋಗ ಸುಮಾರು 2 ಲಕ್ಷ ಕೋಟಿ ರೂಪಾಯಿಯನ್ನು ಗ್ರಾಮ ಪಂಚಾಯಿತಿಗಳಿಗಷ್ಟೇ ಮೀಸಲಿಟ್ಟಿತು.

ಸಂಘಗಳಿಗೆ ನೆರವು

ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರಿ ನೆರವು ಹೊಸದಲ್ಲ. ದುರ್ಗಾಬಾಯಿ ದೇಶ್‌ಮುಖ್ ಮೊದಲ ಅಧ್ಯಕ್ಷೆಯಾಗಿದ್ದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ 1953ರಿಂದಲೇ ಮಹಿಳೆಯರು ಮತ್ತು ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಅನುದಾನ ನೀಡುತ್ತಿತ್ತು. 1986ರಲ್ಲಿ ಗ್ರಾಮೀಣಾಭಿವೃದ್ಧಿಯ ಸ್ವಯಂಸೇವಾ ಕೆಲಸಗಳಿಗಾಗಿಯೇ ಕಪಾರ್ಟ್ ಎಂಬ ಕೇಂದ್ರ ಸಂಸ್ಥೆ ಸ್ಥಾಪನೆಯಾಯಿತು. ಆದರೆ ಈ ಹಣ ಪಡೆಯುತ್ತಿದ್ದುದು ಊರಿನ ಪರವಾಗಿ ಕೆಲಸ ಮಾಡುವ ಸಂಸ್ಥೆಗಳು, ಊರಿನವರದೇ ಸಂಘಗಳಲ್ಲ.

ಊರಿನವರದೇ ಸಂಘಗಳಿಗೆ ಹಣ ಸೇರುವ ಬದಲಾವಣೆಗೆ ಕರ್ನಾಟಕದ ಕೊಡುಗೆ ಗಣನೀಯ. 1980ರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆಯುಳ್ಳ ಸದಸ್ಯರ ಸಣ್ಣ ಗುಂಪುಗಳು ರೂಪುಗೊಂಡವು. ಈ ಗುಂಪುಗಳ ತರಬೇತಿಗೆ ಮತ್ತು ಅವುಗಳ ಉಳಿತಾಯಕ್ಕೆ ಸರಿಸಮನಾಗಿ ಹಣ ಕೂಡಿಸಲು ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ನೀಡಿತು. ಆ ಅನುಭವ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ನೆರವಾಯಿತು. 2000–01ರಲ್ಲಿ ರಾಜ್ಯ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸ್ತ್ರೀಶಕ್ತಿ ಗುಂಪುಗಳನ್ನು ಕಟ್ಟಿ, ಗುಂಪಿಗೆ 5,000 ರೂಪಾಯಿ ಸುತ್ತುನಿಧಿ ಕೊಟ್ಟಿತು. 2011ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಕರ್ನಾಟಕದಲ್ಲಿ ಸಂಜೀವಿನಿ ಎಂಬ ಹೆಸರು ಪಡೆಯಿತು. ಇದರಡಿ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳಿಗೆ ಸಮುದಾಯ ಬಂಡವಾಳ ನಿಧಿ ಸೇರುತ್ತದೆ. ಒಕ್ಕೂಟ ಅದನ್ನು ಗುಂಪುಗಳಿಗೆ ಸಾಲವಾಗಿ ಕೊಟ್ಟು, ಮರುಪಾವತಿಯಾದ ಹಣವನ್ನು ತನ್ನಲ್ಲೇ ಉಳಿಸಿಕೊಂಡು ಮತ್ತೆ ಸಾಲ ಕೊಡುತ್ತದೆ. ಒಮ್ಮೆ ಬಂದ ಅನುದಾನ ಊರಿನಲ್ಲೇ ತಿರುಗುತ್ತಿರುವುದು ಈ ಕ್ರಮದ ವಿಶೇಷ.

ಇದೇ ಅವಧಿಯಲ್ಲಿ ವಂತಿಗೆಯ ಷರತ್ತು ಬಂದಿತು. 2002ರ ಸ್ವಜಲಧಾರಾ ಯೋಜನೆಯಲ್ಲಿ ಬಂಡವಾಳ ವೆಚ್ಚದ ಶೇ 10ರಷ್ಟನ್ನು ಊರಿನವರು ಭರಿಸಬೇಕಿತ್ತು. ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ ಕೆರೆಗಳ ಪುನಶ್ಚೇತನವನ್ನು ಕೆರೆ ಬಳಕೆದಾರರ ಸಂಘಗಳಿಗೆ ವಹಿಸಿತು. ಕಾಸು ಹಾಕಿದವರು ಕೆಲಸದ ಮೇಲೆ ಕಣ್ಣಿಡುತ್ತಾರೆ ಎಂಬುದು ವಂತಿಗೆಯ ಹಿಂದಿನ ತರ್ಕ. ವಂತಿಗೆ ಕೊಡಲಾಗದ ಬಡ ಕೇರಿಗಳು ಹಿಂದೆ ಬೀಳುತ್ತವೆ ಎಂಬ ಆಕ್ಷೇಪವೂ ಜೊತೆಗೇ ಇದೆ. ಊರಿನಲ್ಲಿ ಚುನಾಯಿತ ಪಂಚಾಯಿತಿ ಇರುವಾಗ ಬಳಕೆದಾರರ ಸಂಘಕ್ಕೆ ಪ್ರತ್ಯೇಕ ಖಾತೆ ಏಕೆ ಎಂಬ ಪ್ರಶ್ನೆಯೂ ಎದ್ದಿದೆ.

ಹಳ್ಳಿಯೂ ಅಲ್ಲದ, ನಗರವೂ ಅಲ್ಲದ ಊರುಗಳು

ಸುತ್ತಲಿನ ಹಳ್ಳಿಗಳಿಗೆ ಸಂತೆ, ಆಸ್ಪತ್ರೆ, ಕಾಲೇಜು, ಬಸ್ ನಿಲ್ದಾಣ ಒದಗಿಸುವ ಸಣ್ಣ ಪಟ್ಟಣಗಳತ್ತ ಗಮನ ತಡವಾಗಿ ಹರಿಯಿತು. 1979–80ರಲ್ಲಿ ಆರಂಭವಾದ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆ ಮೊದಲಿಗೆ 1 ಲಕ್ಷದೊಳಗಿನ ಜನಸಂಖ್ಯೆಯ ಪಟ್ಟಣಗಳಿಗೆ ಸೀಮಿತವಾಗಿತ್ತು. ಮಾರುಕಟ್ಟೆ, ಬಸ್ ನಿಲ್ದಾಣದಂಥ ಆದಾಯ ತರುವ ಕಾಮಗಾರಿಗಳಿಗೆ ಅದು ಒತ್ತು ನೀಡಿತು. 2005ರಲ್ಲಿ ಇದರ ಜಾಗಕ್ಕೆ ಬಂದ ಯೋಜನೆಯಲ್ಲಿ ಕೇಂದ್ರದ ಪಾಲು ಶೇ 80. ರಾಜ್ಯ ಮತ್ತು ಪಟ್ಟಣಗಳದು ತಲಾ ಶೇ 10. ಲೆಕ್ಕಪತ್ರ ಸುಧಾರಣೆ, ಬಳಕೆದಾರರ ಶುಲ್ಕ ಇದರ ಷರತ್ತುಗಳಾಗಿದ್ದವು. 2015ರ ಅಮೃತ್ ಯೋಜನೆ 1 ಲಕ್ಷ ಮೀರಿದ ನಗರಗಳತ್ತ ಹೊರಳಿದಾಗ ಸಣ್ಣ ಪಟ್ಟಣಗಳು ಬಹುಪಾಲು ಹೊರಗುಳಿದವು. 2021ರ ಅಮೃತ್ 2.0 ನೀರು ಪೂರೈಕೆಯ ಮಟ್ಟಿಗೆ ಎಲ್ಲ ಶಾಸನಬದ್ಧ ಪಟ್ಟಣಗಳನ್ನೂ ಸೇರಿಸಿಕೊಂಡಿತು. ಕರ್ನಾಟಕದಲ್ಲಿ 2006ರಿಂದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉತ್ತರದ 25 ಪಟ್ಟಣಗಳ ನೀರು ಮತ್ತು ಒಳಚರಂಡಿ ಕಾಮಗಾರಿಗಳು ನಡೆದವು.

ಹೆಚ್ಚಿನ ತೊಡಕು ಇರುವುದು ಪಟ್ಟಣವಾಗಿ ಬೆಳೆದರೂ ಪಟ್ಟಣವೆಂದು ಘೋಷಣೆಯಾಗದ ಊರುಗಳಲ್ಲಿ. ಇಂಥ ಜನಗಣತಿ ಪಟ್ಟಣಗಳು 2001ರಲ್ಲಿ 1,362 ಇದ್ದವು. 2011ರಲ್ಲಿ 3,894ಕ್ಕೆ ಏರಿದವು. ಇವುಗಳ ಸ್ವರೂಪ ನಗರದ್ದು, ಆಡಳಿತ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯದು. ಹೀಗಾಗಿ ಒಳಚರಂಡಿಯಂಥ ದೊಡ್ಡ ಕೆಲಸಕ್ಕೆ ನಗರ ಯೋಜನೆಗಳ ಹಣ ಸಿಗದು. ಪಂಚಾಯಿತಿಯ ಅನುದಾನ ಸಾಲದು. ಈ ಕಂದಕ ತುಂಬಲು ಎರಡು ಯತ್ನಗಳು ನಡೆದವು. ಎ.ಪಿ.ಜೆ. ಅಬ್ದುಲ್ ಕಲಾಂ ಪ್ರತಿಪಾದಿಸಿದ ‘ಪುರ’ (ಗ್ರಾಮೀಣ ಪ್ರದೇಶಗಳಲ್ಲಿ ನಗರ ಸೌಲಭ್ಯ) ಕಲ್ಪನೆ ರಸ್ತೆ, ವಿದ್ಯುನ್ಮಾನ, ಜ್ಞಾನ ಮತ್ತು ಆರ್ಥಿಕ ಸಂಪರ್ಕಗಳನ್ನು ಹಳ್ಳಿಗಳ ಗುಚ್ಛಕ್ಕೆ ಒದಗಿಸಬೇಕೆಂದಿತು. 2016ರ ಫೆಬ್ರವರಿಯಲ್ಲಿ ಛತ್ತೀಸ್‌ಗಢದಲ್ಲಿ ಚಾಲನೆ ಪಡೆದ ರೂರ್ಬನ್ ಅಭಿಯಾನ 300 ಗುಚ್ಛಗಳ ಗುರಿ ಹಾಕಿಕೊಂಡಿತು. ಬೇರೆ ಬೇರೆ ಇಲಾಖೆಗಳ ಯೋಜನೆಗಳನ್ನು ಒಂದೆಡೆ ಜೋಡಿಸಿ, ಕೊರತೆ ಬಿದ್ದ ಹಣವನ್ನು ಮಾತ್ರ ಒಟ್ಟು ಹೂಡಿಕೆಯ ಶೇ 30ರ ಮಿತಿಯಲ್ಲಿ ಕೊಡುವುದು ಅದರ ಕ್ರಮವಾಗಿತ್ತು.

ಈಗಿನ ಸ್ವರೂಪ

15ನೇ ಹಣಕಾಸು ಆಯೋಗ 2021–26ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಸೂಚಿಸಿತು. ಇದರಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತವಾಗಿತ್ತು. ಉಳಿದ ಶೇ 40ನ್ನಷ್ಟೇ ಪಂಚಾಯಿತಿ ತನ್ನ ಆದ್ಯತೆಯಂತೆ ಬಳಸಬಹುದಿತ್ತು. ಲೆಕ್ಕಪತ್ರಗಳನ್ನು ಆನ್‌ಲೈನಿನಲ್ಲಿ ಪ್ರಕಟಿಸುವುದೂ ಷರತ್ತಾಯಿತು. ಹಣದ ಪ್ರಮಾಣ ಬೆಳೆದಂತೆ ಮೇಲಿನಿಂದ ಬರುವ ನಿರ್ದೇಶನಗಳೂ ಬೆಳೆದಿವೆ.

ಮೂರೂ ದಾರಿಗಳು ಈಗ ಕೆಲವೆಡೆ ಒಂದಾಗುತ್ತಿವೆ. ಕರ್ನಾಟಕದ ಅನೇಕ ಪಂಚಾಯಿತಿಗಳಲ್ಲಿ ಕಸ ಸಂಗ್ರಹದ ಸ್ವಚ್ಛವಾಹಿನಿ ಪಂಚಾಯಿತಿಯದು. ಓಡಿಸುವವರು, ಕಸ ವಿಂಗಡಿಸುವವರು ಒಪ್ಪಂದದ ಮೇಲೆ ದುಡಿಯುವ ಸಂಜೀವಿನಿ ಒಕ್ಕೂಟದ ಮಹಿಳೆಯರು. ಗ್ರಾಮ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೆ ಸ್ವಸಹಾಯ ಗುಂಪುಗಳು ಬಡತನ ನಿವಾರಣೆಯ ಬೇಡಿಕೆಗಳನ್ನು ಸಲ್ಲಿಸುತ್ತವೆ. ಗ್ರಾಮಸಭೆ ಅವನ್ನು ಚರ್ಚಿಸುತ್ತದೆ.

ಸಣ್ಣ ಪಟ್ಟಣಗಳಲ್ಲಿ ಇಂಥ ವೇದಿಕೆ ಇನ್ನೂ ದುರ್ಬಲ. ಸಂವಿಧಾನ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಪಟ್ಟಣ ಪಂಚಾಯಿತಿಯ ನಿವಾಸಿಗೆ ಗ್ರಾಮಸಭೆಗೆ ಸಮನಾದ ಸಾಂವಿಧಾನಿಕ ಸಭೆಯಿಲ್ಲ. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಂದುಗೂಡಿಸುವ ಹೊಣೆಯನ್ನು ಸಂವಿಧಾನ ಜಿಲ್ಲಾ ಯೋಜನಾ ಸಮಿತಿಗೆ ಒಪ್ಪಿಸಿದೆ. ಎರಡೂ ಕಡೆಯ ಅನುದಾನಗಳು ಪ್ರತ್ಯೇಕ ಇಲಾಖೆಗಳಿಂದ, ಪ್ರತ್ಯೇಕ ಷರತ್ತುಗಳೊಂದಿಗೆ ಬರುತ್ತಿರುವ ತನಕ ಆ ಸಮಿತಿಗೆ ಉಳಿಯುವುದು ಸಿದ್ಧ ಯೋಜನೆಗಳನ್ನು ಕ್ರೋಡೀಕರಿಸುವ ಕೆಲಸ ಮಾತ್ರ.