ಹಳ್ಳಿಯೂ ವೈದ್ಯರ ಪಾಠಶಾಲೆ

ವೈದ್ಯ ವಿದ್ಯಾರ್ಥಿ ರೋಗಗಳನ್ನು ಕುರಿತು ಕಲಿಯುವುದೆಲ್ಲಿ? ಆಸ್ಪತ್ರೆಯಲ್ಲಿ ಎನ್ನುವಿರಿ, ಅಲ್ಲವೆ? ಆದರೆ ಹಾಸಿಗೆಯ ಬಳಿ ಕಾಣುವುದು ರೋಗಿ ಮಾತ್ರ. ಕಾಯಿಲೆಗೆ ಕಾರಣವಾದ ಬಾವಿ, ಕಟ್ಟಿಕೊಂಡ ಚರಂಡಿ, ಅರೆಹೊಟ್ಟೆಯ ಊಟ ಅಲ್ಲಿ ಕಾಣುವುದಿಲ್ಲ.

ಈ ಕೊರತೆ ಹೊಸದೇನಲ್ಲ. ಭೋರ್ ಸಮಿತಿ 1946ರ ತನ್ನ ವರದಿಯಲ್ಲೇ, ರೋಗ ತಡೆ ಹಾಗೂ ಸಾಮಾಜಿಕ ವೈದ್ಯದಲ್ಲಿ 3 ತಿಂಗಳ ತರಬೇತಿ ಬೇಕೆಂದು ಸಲಹೆ ಮಾಡಿತ್ತು.

ನಮ್ಮ ರಾಜ್ಯದ್ದೇ ಒಂದು ನಿದರ್ಶನ ನೋಡಿ. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನ ಹಾಲು ಉತ್ಪಾದಕರ ಸಹಕಾರ ಸಂಘದೊಡನೆ ಆರೋಗ್ಯ ಸಹಕಾರ ಯೋಜನೆಯೊಂದನ್ನು ಆರಂಭಿಸಿತು. ಹಾಲಿನ ಆದಾಯದ ಒಂದು ಪಾಲು ಆರೋಗ್ಯ ಸೇವೆಗೆ ಸಂದಿತು. ತರಬೇತಿಯಲ್ಲಿದ್ದ ಕಿರಿಯ ವೈದ್ಯರಿಗೆ ಊರೇ ತರಗತಿಯಾಯಿತು. ಜೊತೆಗೆ ಪಠ್ಯದಲ್ಲಿಲ್ಲದ ಪ್ರಶ್ನೆಯೂ ಎದುರಾಗುತ್ತದೆ: ಹಾಲಿನಿಂದ ನಡೆಯುವ ಚಿಕಿತ್ಸೆ ಹಸುವೇ ಇಲ್ಲದ ಮನೆಯನ್ನು ತಲಪುವುದು ಹೇಗೆ?

ಶ್ರೀವಾಸ್ತವ ಸಮಿತಿಯ 1975ರ ವರದಿಯ ಬಳಿಕ, 1977ರಲ್ಲಿ ಕೇಂದ್ರ ಸರ್ಕಾರ ಪ್ರತಿ ವೈದ್ಯಕೀಯ ಕಾಲೇಜಿಗೂ 3 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಜೋಡಿಸುವ ಯೋಜನೆ ತಂದಿತು. ಕರ್ನಾಟಕವು 2012ರ ಕಾಯ್ದೆಯ ಮೂಲಕ ಕಡ್ಡಾಯ ಸೇವೆಯ ದಾರಿ ಹಿಡಿಯಿತು.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂಥ ಊರಿಗೆ ಕಾಯ್ದೆ ವೈದ್ಯರನ್ನು ಕಳುಹಿಸಬಲ್ಲದು. ಊರನ್ನು ಅರಿಯುವ ಕಣ್ಣನ್ನು ಕೊಡುವುದು ತರಬೇತಿ ಮಾತ್ರ. ಆ ಕಣ್ಣು ಶಾಲೆಯಲ್ಲೇ ತೆರೆಯಬಹುದು. ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಗಳಿಂದ ಊರಿನ ನೀರಿನ ಮೂಲಗಳ ಮತ್ತು ಚರಂಡಿಗಳ ನಕ್ಷೆ ಬರೆಸಿ. ಅವೆರಡೂ ಹತ್ತಿರ ಬರುವ ಜಾಗಗಳನ್ನು ಗುರುತಿಸಲು ಹೇಳಿ. ರೋಗ ತಡೆಯ ಮೊದಲ ಪಾಠ ಅಲ್ಲಿದೆ.