ಗಿಂಪ್‌ನಲ್ಲಿ ವೃತ್ತ ಬರೆಯುವುದು ಹೇಗೆ: ಮುಕ್ತ ತಂತ್ರಾಂಶಗಳಲ್ಲಿ ಆಕೃತಿ ನಡೆದು ಬಂದ ದಾರಿ

ಗಿಂಪ್ ತೆರೆದು ಮೊದಲ ಸಲ ಒಂದು ವೃತ್ತ ಬರೆಯಹೊರಟವರು ಸಲಕರಣೆಗಳ ಪಟ್ಟಿಯನ್ನೆಲ್ಲ ತಡಕಾಡುತ್ತಾರೆ. ಕುಂಚವಿದೆ, ಪೆನ್ಸಿಲ್ ಇದೆ, ರಬ್ಬರ್ ಇದೆ. ವೃತ್ತಕ್ಕೆಂದು ಬಟನ್ ಇಲ್ಲ. ವಿಂಡೋಸ್ ಪೇಂಟ್‌ನಲ್ಲಿ ಪ್ರಾಥಮಿಕ ಶಾಲೆಯ ಮಗು ಒಂದೇ ಎಳೆತಕ್ಕೆ ಬಿಡಿಸುವ ಆಕೃತಿ ಇಷ್ಟು ದೊಡ್ಡ ತಂತ್ರಾಂಶದಲ್ಲಿ ಯಾಕಿಲ್ಲ ಎಂದು ಕೇಳುವುದು ಸಹಜ. ಉತ್ತರ ಬೇಕೆಂದರೆ ಅರುವತ್ತು ವರ್ಷ ಹಿಂದಕ್ಕೆ ಹೋಗಬೇಕು. ತಾನು ಬರೆದ ವೃತ್ತವನ್ನು ಕಂಪ್ಯೂಟರು ವೃತ್ತವೆಂದೇ ನೆನಪಿಟ್ಟುಕೊಳ್ಳಬೇಕೆ, ಇಲ್ಲ ಬಣ್ಣದ ಚುಕ್ಕಿಗಳಾಗಿಸಿ ಮರೆತುಬಿಡಬೇಕೆ? ಈ ಕ್ಷೇತ್ರದ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ.

ಎರಡು ದಾರಿಗಳೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ತೆರೆದುಕೊಂಡವು. 1962ರಲ್ಲಿ ಐಬಿಎಂನ ಜ್ಯಾಕ್ ಬ್ರೆಸೆನ್‌ಹ್ಯಾಮ್ ಪ್ಲಾಟರ್ ಯಂತ್ರಕ್ಕಾಗಿ ಒಂದು ಲೆಕ್ಕದ ಕ್ರಮ ರೂಪಿಸಿದರು. ಎರಡು ಬಿಂದುಗಳ ನಡುವಿನ ಓರೆಗೆರೆಯನ್ನು ಯಾವ ಯಾವ ಮನೆಗಳ ಮೇಲೆ ಹಾಯಿಸಬೇಕು ಎಂಬುದನ್ನು ಅದು ಪೂರ್ಣಾಂಕಗಳ ಸರಳ ಲೆಕ್ಕದಿಂದಲೇ ತೀರ್ಮಾನಿಸುತ್ತಿತ್ತು. ಪರದೆಯ ಚುಕ್ಕಿಗಳಿಗೂ ಅದೇ ಕ್ರಮ ಹೊಂದಿತು. 1963ರಲ್ಲಿ ಎಂಐಟಿಯ ಐವನ್ ಸದರ್ಲೆಂಡ್ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶ ಮಾಡಿದರು. ಬೆಳಕಿನ ಪೆನ್ನಿನಿಂದ ಬರೆದ ಗೆರೆ ಅಲ್ಲಿ ಗೆರೆಯಾಗಿಯೇ ಉಳಿಯುತ್ತಿತ್ತು, ಬೇಕೆಂದಾಗ ಹಿಡಿದು ಜರುಗಿಸಬಹುದಿತ್ತು.

1984ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿನ ಜೊತೆ ಬಂದ ಮ್ಯಾಕ್‌ಪೇಂಟ್ ಚುಕ್ಕಿಗಳ ಮೊದಲನೆಯ ದಾರಿಯನ್ನು ಮನೆಮನೆಗೆ ಒಯ್ದಿತು. ಬಿಲ್ ಅಟ್ಕಿನ್ಸನ್ ಬರೆದ ಆ ತಂತ್ರಾಂಶದ ಬದಿಯಲ್ಲಿದ್ದ ಆಯತ, ಮೂಲೆ ದುಂಡಗಿನ ಆಯತ, ದೀರ್ಘವೃತ್ತ, ಬಹುಭುಜಗಳ ಗುರುತುಗಳು ಇವತ್ತಿಗೂ ನಮಗೆ ಪರಿಚಿತ. ಮೌಸ್ ಬಿಟ್ಟ ಕ್ಷಣ ಆಕೃತಿ ಚುಕ್ಕಿಗಳಾಗುತ್ತಿತ್ತು. ಆಮೇಲೆ ದೊಡ್ಡದು ಮಾಡಬೇಕೆಂದರೆ ಅಳಿಸಿ ಮತ್ತೆ ಬರೆಯಬೇಕು. ಅದೇ ಕಂಪ್ಯೂಟರಿಗೆ ಬಂದ ಮ್ಯಾಕ್‌ಡ್ರಾ ಆಕೃತಿಗಳನ್ನು ನೆನಪಿಟ್ಟುಕೊಳ್ಳುವ ಎರಡನೆಯ ದಾರಿ ಹಿಡಿಯಿತು. ಯುನಿಕ್ಸ್ ಬಳಸುವವರಿಗೆ ಆ ಕೆಲಸಕ್ಕೆ 1985ರಿಂದ ಎಕ್ಸ್‌ಫಿಗ್ ಸಿಕ್ಕಿತು.

ಗಿಂಪ್ ಹುಟ್ಟಿದ್ದು ಈ ಕವಲಿನ ಚುಕ್ಕಿಗಳ ಬದಿಯಲ್ಲಿ. 1995ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಅದನ್ನು ಶುರುಮಾಡಿದರು; 1996ರಲ್ಲಿ ಸಾರ್ವಜನಿಕರ ಕೈಗೆ ಬಂತು. ಲಿನಕ್ಸ್‌ನ ಪೆಂಗ್ವಿನ್ ಟಕ್ಸ್‌ನನ್ನು ಲ್ಯಾರಿ ಯೂವಿಂಗ್ ಅದೇ ವರ್ಷ ಬಿಡಿಸಿದ್ದು ಗಿಂಪ್‌ನ ಆರಂಭದ ಆವೃತ್ತಿಯಲ್ಲೇ. ಫೋಟೋ ತಿದ್ದುವುದೇ ಮುಖ್ಯವಾದ ತಂತ್ರಾಂಶದಲ್ಲಿ ಕೆಲಸವೆಲ್ಲ ಸೆಲೆಕ್ಷನ್‌ನಿಂದ ಆರಂಭವಾಗುತ್ತದೆ: ಮೊದಲು ಜಾಗ ಗುರುತು ಮಾಡು, ಆಮೇಲೆ ಅಲ್ಲಿ ಏನು ಬೇಕೋ ಮಾಡು. ಆಕೃತಿ ಬರೆಯುವುದೂ ಇದೇ ಕ್ರಮಕ್ಕೆ ಸೇರಿಕೊಂಡಿತು. ಲಾರಿಯ ಹಿಂಬದಿಗೆ ನಂಬರ್ ಬರೆಯುವವರು ರಟ್ಟಿನಲ್ಲಿ ಅಂಕಿ ಕೊರೆದು, ರಟ್ಟನ್ನು ಒತ್ತಿಹಿಡಿದು ಬಣ್ಣ ಬಳಿಯುತ್ತಾರಲ್ಲ, ಅದೇ ವಿಧಾನ.

ದೀರ್ಘವೃತ್ತದ ಸೆಲೆಕ್ಷನ್ ಎಳೆಯಬೇಕು. ಎಳೆಯುತ್ತಲೇ ಶಿಫ್ಟ್ ಒತ್ತಿದರೆ ಸರಿಯಾದ ವೃತ್ತ, ಕಂಟ್ರೋಲ್ ಒತ್ತಿದರೆ ಕೇಂದ್ರದಿಂದ ಹೊರಕ್ಕೆ ಬೆಳೆಯುತ್ತದೆ. ಒಳಗೆ ಬಣ್ಣ ಸುರಿದರೆ ತುಂಬಿದ ವೃತ್ತ; ಎಡಿಟ್ ಮೆನುವಿನ ಸ್ಟ್ರೋಕ್ ಸೆಲೆಕ್ಷನ್‌ಗೆ ಹೋಗಿ ದಪ್ಪ ಹೇಳಿದರೆ ಬರೀ ಅಂಚು. ನೇರ ಗೆರೆಗೆ ಸೆಲೆಕ್ಷನ್ ಬೇಡ. ಕುಂಚದಿಂದ ಒಂದೆಡೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಇನ್ನೊಂದೆಡೆ ಕ್ಲಿಕ್ ಮಾಡಿದರೆ ಸಾಕು. ಕಂಟ್ರೋಲ್ ಸೇರಿಸಿದರೆ ಗೆರೆ 15 ಡಿಗ್ರಿಗಳ ಲೆಕ್ಕದಲ್ಲಷ್ಟೇ ವಾಲುತ್ತದೆ. ಹೊಸಬರನ್ನು ಕಾಡುವುದು ಒಂದೇ ಕೀಲಿಗೆ ಎರಡು ಕೆಲಸ ಇರುವುದು. ಎಳೆಯುವ ಮೊದಲೇ ಶಿಫ್ಟ್ ಒತ್ತಿದರೆ ಅದು ಹಳೆಯ ಸೆಲೆಕ್ಷನ್‌ಗೆ ಹೊಸದನ್ನು ಕೂಡಿಸುತ್ತದೆ, ಕಂಟ್ರೋಲ್ ಆದರೆ ಕಳೆಯುತ್ತದೆ.

ಆದರೆ ಈ ವಿಧಾನದ ಸೊಗಸೂ ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಒಂದು ವೃತ್ತದಿಂದ ಇನ್ನೊಂದು ವೃತ್ತವನ್ನು ಕಳೆದರೆ ಬಿದಿಗೆಯ ಚಂದ್ರ. ಆಯತಕ್ಕೆ ವೃತ್ತ ಕೂಡಿಸಿದರೆ ಕಮಾನಿನ ಬಾಗಿಲು. ಸಿದ್ಧ ಬಟನ್ ಒತ್ತಿದವರಿಗೆ ಸಿಗದ ಜ್ಯಾಮಿತಿಯ ಪಾಠ ಇಲ್ಲಿ ಕೈಗೆ ಹತ್ತುತ್ತದೆ. ಕಷ್ಟ ಶುರುವಾಗುವುದು ತಿದ್ದುವಾಗ. ಬರೆದ ಅಂಚು 3 ಪಿಕ್ಸೆಲ್ ಇದ್ದದ್ದು 5 ಆಗಬೇಕೆಂದರೆ ಹಿಂದಕ್ಕೆ ಹೋಗಿ ಮತ್ತೆ ಮಾಡಬೇಕು. ಹಾಗಾಗಿಯೇ ಪ್ರತಿ ಆಕೃತಿಗೂ ಬೇರೆ ಲೇಯರ್ ಇಟ್ಟುಕೊಳ್ಳಿ ಎಂದು ತಿಳಿದವರು ಮೊದಲ ದಿನವೇ ಹೇಳುತ್ತಾರೆ.

ಗಿಂಪ್ ಬಳಗ ಈ ಕೊರತೆಯನ್ನು ಕಾಣದೆ ಕೂತಿರಲಿಲ್ಲ. 1997ರಷ್ಟು ಹಿಂದೆಯೇ ಆಂಡಿ ಥಾಮಸ್ ಜಿಫಿಗ್ ಎಂಬ ಪ್ಲಗಿನ್ ಬರೆದಿದ್ದರು. ವೃತ್ತ, ಕಂಸ, ಬಹುಭುಜ, ನಕ್ಷತ್ರ, ಸುರುಳಿ ಎಲ್ಲವನ್ನೂ ಅದು ಬಿಡಿಸುತ್ತದೆ. ಅದರಲ್ಲಿ ಮಾಡಿದ ಲೇಯರನ್ನು ಮುಂದೆ ಮತ್ತೆ ತೆರೆದು ತಿದ್ದಲೂ ಬರುತ್ತದೆ. ಇಷ್ಟು ಉಪಯುಕ್ತವಾದದ್ದನ್ನು ಫಿಲ್ಟರ್ಸ್ ಮೆನುವಿನ ರೆಂಡರ್ ವಿಭಾಗದೊಳಗೆ ಇಟ್ಟದ್ದರಿಂದ ಹೊಸಬರ ಕಣ್ಣಿಗೆ ಅದು ಬೀಳುವುದೇ ಅಪರೂಪ. 2004ರ 2.0 ಆವೃತ್ತಿ, ಬಿಂದುಗಳನ್ನು ಜೋಡಿಸಿ ಗೆರೆ ಎಳೆಯುವ ಪಾತ್ ಸಲಕರಣೆಯನ್ನು ಹೊಸದಾಗಿ ಕಟ್ಟಿ, ಪಾತ್‌ಗಳನ್ನು ಎಸ್‌ವಿಜಿ ಎಂಬ, ಆಕೃತಿಯನ್ನು ಆಕೃತಿಯಾಗಿಯೇ ಉಳಿಸುವ ಕಡತದ ರೂಪದಲ್ಲಿ ತರಲೂ ಕಳಿಸಲೂ ಅವಕಾಶ ಕೊಟ್ಟಿತು. 2007ರ 2.4ರಲ್ಲಿ ಆಯತ, ದೀರ್ಘವೃತ್ತದ ಸೆಲೆಕ್ಷನ್‌ಗಳಿಗೆ ಹಿಡಿಕೆಗಳು ಬಂದವು. ಎಳೆದು ಬಿಟ್ಟ ಮೇಲೂ ಮೂಲೆ ಹಿಡಿದು ಹಿಗ್ಗಿಸಬಹುದು, ಕುಗ್ಗಿಸಬಹುದು. ಸಣ್ಣ ಬದಲಾವಣೆಯಂತೆ ಕಂಡರೂ ನಿತ್ಯ ಕೆಲಸ ಮಾಡುವವರಿಗೆ ಇದು ಕೊಟ್ಟ ನೆಮ್ಮದಿ ದೊಡ್ಡದು.

ಅಷ್ಟರಲ್ಲಿ ಎರಡನೆಯ ದಾರಿಯೂ ಮುಕ್ತ ತಂತ್ರಾಂಶದಲ್ಲಿ ಗಟ್ಟಿಯಾಗಿತ್ತು. ಎಸ್‌ವಿಜಿ 2001ರಲ್ಲಿ ಅಧಿಕೃತ ಮಾನದಂಡವಾಯಿತು. 2003ರಲ್ಲಿ ಸೋಡಿಪೋಡಿ ಎಂಬ ಯೋಜನೆಯಿಂದ ಕವಲೊಡೆದು ಇಂಕ್‌ಸ್ಕೇಪ್ ಹುಟ್ಟಿತು. ಅಲ್ಲಿ ವೃತ್ತವೆಂದರೆ ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು ಎಂಬ ಅಂಕಿಗಳು, ಅಷ್ಟೇ. ತ್ರಿಜ್ಯ ಬದಲಿಸಿದರೆ ವೃತ್ತ ಬದಲಾಗುತ್ತದೆ, ಬ್ಯಾನರಿನಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಎರಡನ್ನೂ ಒಂದೇ ಸೂರಿನಡಿ ತಂದದ್ದು ಕ್ರಿಟಾ. ಗೆರೆ, ಆಯತ, ದೀರ್ಘವೃತ್ತ, ಬಹುಭುಜಗಳಿಗೆ ಅಲ್ಲಿ ನೇರ ಸಲಕರಣೆಗಳಿವೆ. ಪೇಂಟ್ ಲೇಯರ್ ಮೇಲೆ ಬರೆದರೆ ಚುಕ್ಕಿ, ವೆಕ್ಟರ್ ಲೇಯರ್ ಮೇಲೆ ಬರೆದರೆ ತಿದ್ದಬಲ್ಲ ಆಕೃತಿ. 2018ರ 4.0 ಆವೃತ್ತಿಯಲ್ಲಿ ಈ ವೆಕ್ಟರ್ ಲೇಯರ್‌ಗಳನ್ನು ಎಸ್‌ವಿಜಿ ಆಧಾರದ ಮೇಲೆ ಮತ್ತೆ ಕಟ್ಟಲಾಯಿತು. ಚಿಕ್ಕ ಮಕ್ಕಳಿಗಾಗಿ 2002ರಲ್ಲಿ ಬಿಲ್ ಕೆಂಡ್ರಿಕ್ ಮಾಡಿದ ಟಕ್ಸ್ ಪೇಂಟ್ ಮಾತ್ರ ಬೇಕೆಂದೇ ಚುಕ್ಕಿಗಳ ಬದಿಗೆ ನಿಂತಿದೆ: ಎಳೆ, ತಿರುಗಿಸು, ಒತ್ತು, ಮುಗಿಯಿತು.

ಕಲಿಯುವವರಿಗೆ ಇವೆರಡೂ ದಾರಿ ಗೊತ್ತಿರಬೇಕು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ಈ ವಿಷಯದಲ್ಲಿ ನನಗೆ ಸಂತೋಷವಿದೆ. ಕೇರಳದ ಶಾಲೆಗಳು ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡಿರುವುದರಿಂದ, ಗಿಂಪ್ ಮತ್ತು ಇಂಕ್‌ಸ್ಕೇಪ್ ಎರಡರ ಪಾಠವೂ ಅವರಿಗೆ ಹೈಸ್ಕೂಲಿನಲ್ಲೇ ದೊರೆಯುತ್ತದೆ. ಕರ್ನಾಟಕದ ಶಾಲೆಗಳಲ್ಲೂ ಇದು ಆಗಬೇಕು. ಲೈಸೆನ್ಸಿಗೆ ಹಣ ಕೊಡಲಾಗದ ಮಗುವಿಗೆ ಚಿತ್ರಕಲೆಯ ಸಲಕರಣೆ ಕೈತಪ್ಪಬಾರದು.

ಮತ್ತೆ ಗಿಂಪ್‌ನ ಕತೆಗೆ ಬರೋಣ. ಫೋಟೋಶಾಪ್‌ಗೆ ತಿದ್ದಬಲ್ಲ ಆಕೃತಿಗಳು ಬಂದದ್ದು 2000ದ 6ನೇ ಆವೃತ್ತಿಯಲ್ಲಿ. ಗಿಂಪ್ ಬಳಸುವವರು ಅದಕ್ಕಾಗಿ ಕಾಲು ಶತಮಾನ ಕಾದರು. 2025ರ ಮಾರ್ಚ್‌ನಲ್ಲಿ 3.0 ಬಿಡುಗಡೆಯಾಗಿ, ಹಾಕಿದ ಫಿಲ್ಟರನ್ನು ಆಮೇಲೂ ತಿದ್ದುವ ಸೌಲಭ್ಯ ಬಂತು. 3.2ಕ್ಕೆ ಸಿದ್ಧತೆಯಾಗಿ ಅದೇ ವರ್ಷ ಹೊರಬಂದ ಪ್ರಯೋಗ ಆವೃತ್ತಿಗಳಲ್ಲಿ ವೆಕ್ಟರ್ ಲೇಯರ್ ಕಾಣಿಸಿಕೊಂಡಿತು: ಪಾತ್ ಸಲಕರಣೆಯಿಂದ ಬರೆದ ಆಕೃತಿಯ ಒಳಬಣ್ಣ, ಅಂಚಿನ ದಪ್ಪ ಎರಡನ್ನೂ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಜೊತೆಗೆ ಬಂದ ಲಿಂಕ್ ಲೇಯರ್ ಹೊರಗಿನ ಕಡತವೊಂದನ್ನು ಚಿತ್ರದೊಳಗೆ ಜೋಡಿಸಿಡುತ್ತದೆ. ಇಂಕ್‌ಸ್ಕೇಪ್‌ನಲ್ಲಿ ವೃತ್ತದ ತ್ರಿಜ್ಯ ಬದಲಿಸಿ ಉಳಿಸಿದರೆ, ಗಿಂಪ್‌ನಲ್ಲಿ ತೆರೆದಿರುವ ಚಿತ್ರದಲ್ಲಿಯೂ ಆ ವೃತ್ತ ಬದಲಾಗುತ್ತದೆ.